ಮೇಜಿನ ಕೆಳಗಿನ ಬೆಕ್ಕು ‘ನಲವತ್ತೆರಡು’ ಎಂದಾಗ ನಗಬಹುದೇ?

ಪ್ರಶ್ನೆ:

ನಾನು ದಾವಣಗೆರೆಯಲ್ಲಿ ಬಿ.ಎಡ್. ಓದುತ್ತಿದ್ದು, ಸಂಜೆ 5.30ರಿಂದ 6.30ರವರೆಗೆ ನಮ್ಮ ಬೀದಿಯ ಮನೆಯೊಂದರಲ್ಲಿ ಮೂರನೇ ತರಗತಿಯ 8 ವರ್ಷದ ಹುಡುಗನಿಗೆ ಮನೆಪಾಠ ಹೇಳುತ್ತೇನೆ. ನನಗಿಂತ ಮೊದಲು ಬರುತ್ತಿದ್ದ ಇಬ್ಬರು ಸಾಕಾಗಿ ಬಿಟ್ಟುಹೋಗಿದ್ದಾರೆ. ಬರೆಯುವ ಪುಸ್ತಕ ತೆಗೆದ ಕೂಡಲೇ ಅವನು ಮೇಜಿನ ಕೆಳಗೆ ನುಸುಳಿ ಬೆಕ್ಕಾಗಿಬಿಡುತ್ತಾನೆ. ಏನು ಕೇಳಿದರೂ ‘ಮಿಯಾಂವ್’ ಎಂಬುದೊಂದೇ ಉತ್ತರ. ಕಳೆದ ವಾರ ‘ಮೂರು ನಾಲ್ಕಲಿ?’ ಎಂದು ಕೇಳಿದೆ. ಸರಿಯಾಗಿ ಹನ್ನೆರಡು ಸಲ ಮಿಯಾಂವ್ ಎಂದು ನಿಲ್ಲಿಸಿದ. ‘ಆರು ಏಳಲಿ?’ ಎಂದಾಗ ಮೂವತ್ತರವರೆಗೆ ಕೂಗಿ, ‘ಮಿಸ್, ಬೆಕ್ಕಿಗೆ ಸುಸ್ತಾಯ್ತು, ನಲವತ್ತೆರಡು’ ಎಂದ. ನನಗೆ ನಗು ತಡೆಯಲಾಗಲಿಲ್ಲ. ವಿರುದ್ಧ ಪದ ಕಲಿಸಿದ ದಿನ ಕೂರು ಎಂದರೆ ನಿಂತ, ಪುಸ್ತಕ ತೆರೆ ಎಂದರೆ ಮುಚ್ಚಿದ. ಕೊನೆಗೆ ‘ಹಾಗಾದ್ರೆ ಬರೀಬೇಡ’ ಎಂದಾಗ ಕೂತು ಐದು ಸಾಲು ಬರೆದ. ಹೊರಡುವ ಹೊತ್ತಿಗೆ ನನ್ನ ಚಪ್ಪಲಿ ಇರುವುದಿಲ್ಲ. ಒಂದು ದಿನ ವಾಷಿಂಗ್ ಮಷೀನಿನೊಳಗೆ ಸಿಕ್ಕಿದರೆ ಮರುದಿನ ತುಳಸಿಕಟ್ಟೆಯ ಹಿಂದೆ. ಅಜ್ಜಿ ‘ನಗಬ್ಯಾಡಮ್ಮ, ಸದರ ಕೊಟ್ರೆ ತಲೆ ಮೇಲೆ ಕೂತ್ಕಂತಾನೆ’ ಎನ್ನುತ್ತಾರೆ. ತಂದೆ ‘ಎರಡು ಬಿಡಿ ಮೇಡಂ, ನಮ್ಮದೇನೂ ಅಭ್ಯಂತರ ಇಲ್ಲ’ ಎನ್ನುತ್ತಾರೆ. ನಾನು ನಗುವುದು ತಪ್ಪೇ? ಇವನನ್ನು ಯಾರಿಗಾದರೂ ತೋರಿಸಬೇಕೇ?

ಉತ್ತರ:

ನಗಬಹುದು. ಆದರೆ ಯಾವುದಕ್ಕೆ ನಗುತ್ತೀರಿ, ಯಾವ ಗಳಿಗೆಯಲ್ಲಿ ನಗುತ್ತೀರಿ ಎಂಬುದು ನಿಮ್ಮ ಕೈಯಲ್ಲಿರಬೇಕು. ನೀವು ಬರೆದಿರುವ ಮೂರು ಪ್ರಸಂಗಗಳು ಮನೆಯವರ ಕಣ್ಣಿಗೆ ಒಂದೇ ತರಲೆಯ ಮೂರು ರೂಪಗಳಂತೆ ಕಾಣುತ್ತಿರಬಹುದು. ಇಪ್ಪತ್ತೆರಡು ವರ್ಷಗಳಿಂದ ವಿಶೇಷ ಶಿಕ್ಷಕಿಯಾಗಿ ಇಂತಹ ಮಕ್ಕಳ ಜೊತೆಗೇ ಕೆಲಸ ಮಾಡಿರುವ ನನಗೆ ಅವು ಮೂರು ಬೇರೆ ಬೇರೆ ಮಾತುಗಳಾಗಿ ಕೇಳಿಸುತ್ತಿವೆ. ಹಾಗಾಗಿ ಮೂರಕ್ಕೂ ಒಂದೇ ಉತ್ತರ ಕೊಡುವುದು ಸರಿಯಾಗಲಾರದು.

ಮೊದಲು ಬೆಕ್ಕಿನ ವಿಷಯ. ಆರು ಏಳಲಿ ಎಷ್ಟು ಎಂಬುದನ್ನು ಮನಸ್ಸಿನಲ್ಲಿ ಲೆಕ್ಕ ಹಾಕಿ, ಆ ಉತ್ತರವನ್ನು ಹಾಗೆಯೇ ಹಿಡಿದಿಟ್ಟುಕೊಂಡು, ಬಾಯಲ್ಲಿ ಮಿಯಾಂವ್ ಎನ್ನುತ್ತಲೇ ಎಷ್ಟನೆಯ ಮಿಯಾಂವ್ ಎಂಬುದನ್ನು ಒಳಗೊಳಗೇ ಎಣಿಸುತ್ತ ಹೋಗುವುದು ಎಂತಹ ಕೆಲಸವೆಂದು ಒಮ್ಮೆ ನೀವೇ ಮಾಡಿ ನೋಡಿ. ಮಗ್ಗಿ ಬಾರದ ಮಗು ಹನ್ನೆರಡಕ್ಕೆ ಸರಿಯಾಗಿ ನಿಲ್ಲಿಸುವುದು ಸಾಧ್ಯವಿಲ್ಲ. ಗಮನ ನಿಲ್ಲದ ಮಗು ಮೂವತ್ತರವರೆಗೆ ಎಣಿಕೆ ತಪ್ಪದೆ ಬಂದು, ಅಲ್ಲಿ ಆಟ ನಿಲ್ಲಿಸಿ ನಲವತ್ತೆರಡು ಎನ್ನುವುದೂ ಕಷ್ಟ. ಅಂದರೆ ಅವನಿಗೆ ಲೆಕ್ಕ ಬರುತ್ತದೆ, ಬೇಕಾದಾಗ ಗಮನವೂ ನಿಲ್ಲುತ್ತದೆ, ಅದರ ಜೊತೆಗೆ ಕೇಳುವವರ ತಾಳ್ಮೆ ಎಲ್ಲಿಗೆ ಮುಗಿಯುತ್ತದೆ ಎಂಬ ಅಂದಾಜೂ ಇದೆ. ಹಾಗಾದರೆ ಅವನು ತಪ್ಪಿಸಿಕೊಳ್ಳುತ್ತಿರುವುದು ಯಾವುದರಿಂದ? ಅದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ: ‘ಬರೆಯುವ ಪುಸ್ತಕ ತೆಗೆದ ಕೂಡಲೇ’ ಎಂದು ಬರೆದಿದ್ದೀರಿ. ಬಾಯಿಲೆಕ್ಕ ಕೇಳಿದರೆ ಬೆಕ್ಕು ಕೂಡ ಉತ್ತರ ಕೊಡುತ್ತದೆ. ಪೆನ್ಸಿಲ್ ಹಿಡಿಯುವ ಕೆಲಸಕ್ಕೆ ಮಾತ್ರ ಯಾರೂ ಇರುವುದಿಲ್ಲ. ಪೆನ್ಸಿಲ್ ಹಿಡಿಯಲು ಬಾರದ ಪ್ರಾಣಿಯನ್ನೇ ಅವನು ಆರಿಸಿಕೊಂಡಿದ್ದಾನೆ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ನಮ್ಮ ಕ್ಷೇತ್ರದಲ್ಲಿ ಮಗುವಿನ ಕಷ್ಟದ ನಡವಳಿಕೆಯನ್ನು ನೋಡುವಾಗ ಮೂರು ಸಂಗತಿಗಳನ್ನು ಬರೆದುಕೊಳ್ಳುತ್ತೇವೆ: ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಮಗು ಏನು ಮಾಡಿತು, ಮಾಡಿದ್ದರಿಂದ ಅದಕ್ಕೆ ಏನು ಸಿಕ್ಕಿತು. ಸಿಗುವುದು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಯಾರದೋ ಗಮನ ಸಿಗಬಹುದು, ಬೇಕಾದ ವಸ್ತು ಸಿಗಬಹುದು, ಬೇಡದ ಕೆಲಸದಿಂದ ಬಿಡುಗಡೆ ಸಿಗಬಹುದು, ಇಲ್ಲವೇ ಓಡುವುದು, ಜೋತಾಡುವುದು, ಗುನುಗುವುದು ಮುಂತಾದವುಗಳಿಂದ ದೇಹಕ್ಕೇ ಒಂದು ಹಿತ ಸಿಗಬಹುದು. ಬೆಕ್ಕಾದಾಗ ಅವನಿಗೆ ಸಿಗುತ್ತಿರುವುದು ಮುಖ್ಯವಾಗಿ ಬಿಡುಗಡೆ. ನೀವು ನಕ್ಕಾಗ ಅದರ ಜೊತೆಗೆ ಗಮನವೂ ಸಿಕ್ಕಿ ಲಾಭ ಎರಡಾಗುತ್ತದೆ. ಅಜ್ಜಿಯವರು ಸದರ ಎನ್ನುವುದು ಇದನ್ನೇ, ಮತ್ತು ಅವರ ಅನುಭವದಲ್ಲಿ ಹುರುಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಮತ್ತು ಅವರ ಜೊತೆಗಾರರು ಪ್ರಯೋಗಾಲಯದಲ್ಲಿ ತೋರಿಸಿದ ಸಂಗತಿಯೊಂದನ್ನು ಇಲ್ಲಿ ನೆನಪಿಡಬೇಕು: ಪ್ರತಿ ಸಲವೂ ಪ್ರತಿಫಲ ಸಿಗುವ ವರ್ತನೆಗಿಂತ, ಆಗೊಮ್ಮೆ ಈಗೊಮ್ಮೆ ಮಾತ್ರ ಪ್ರತಿಫಲ ಸಿಗುವ ವರ್ತನೆ ಹೆಚ್ಚು ಗಟ್ಟಿಯಾಗಿ ಬೇರೂರುತ್ತದೆ. ಸೋಮವಾರ ನಕ್ಕು, ಮಂಗಳವಾರ ಗದರಿ, ಬುಧವಾರ ತುಟಿ ಕಚ್ಚಿಕೊಂಡು ಗುರುವಾರ ಮತ್ತೆ ನಕ್ಕುಬಿಟ್ಟರೆ, ಆ ಗುರುವಾರಕ್ಕಾಗಿ ಅವನು ಎಷ್ಟು ದಿನ ಬೇಕಾದರೂ ಬೆಕ್ಕಾಗಿ ಕಾಯುತ್ತಾನೆ.

ಆದ್ದರಿಂದ ನಗುವನ್ನು ನಿಲ್ಲಿಸಬೇಡಿ, ಅದರ ಜಾಗವನ್ನು ಬದಲಿಸಿ. ಬೆಕ್ಕಿಗೆ ಸಮಯಪಟ್ಟಿಯಲ್ಲೇ ಒಂದು ಸ್ಥಾನ ಕೊಡಿ. ಪಾಠ ಶುರುವಾದ ಕೂಡಲೇ ಮೊದಲ ಐದು ನಿಮಿಷ ‘ಬೆಕ್ಕಿನ ಮಗ್ಗಿ’ ಎಂದು ನೀವೇ ಘೋಷಿಸಿ. ಅವನು ಮೇಜಿನ ಕೆಳಗೇ ಕೂರಲಿ, ಉತ್ತರ ಹತ್ತಕ್ಕಿಂತ ಕಡಿಮೆಯಿದ್ದರೆ ಮಿಯಾಂವ್ ಎನ್ನಲಿ, ಹೆಚ್ಚಿದ್ದರೆ ಮಾತಿನಲ್ಲಿ ಹೇಳಲಿ. ಅಲ್ಲಿ ಮನಸಾರೆ ನಗಿ, ಏಕೆಂದರೆ ಅಲ್ಲಿ ನೀವು ನಗುತ್ತಿರುವುದು ಅವನು ಲೆಕ್ಕ ಮಾಡುತ್ತಿರುವುದಕ್ಕೆ. ಬರೆಯುವ ಹೊತ್ತಿನಲ್ಲಿ ಬೆಕ್ಕು ಬಂದರೆ ಮುಖದಲ್ಲಿ ಸಿಟ್ಟನ್ನೂ ನಗುವನ್ನೂ ತೋರದೆ, ‘ಬೆಕ್ಕಿನ ಹೊತ್ತು ಮುಗಿಯಿತು, ಈಗ ಎರಡು ಸಾಲು’ ಎಂದು ಒಂದೇ ಸಲ ಹೇಳಿ ಕಾಯಿರಿ. ಮೊದಲ ಮೂರು ನಾಲ್ಕು ದಿನ ಮಿಯಾಂವ್ ಜೋರಾಗುತ್ತದೆ, ಬೆಕ್ಕು ಹುಲಿಯಾದರೂ ಆಶ್ಚರ್ಯವಿಲ್ಲ. ಇಷ್ಟು ದಿನ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದಾಗ ಯಾರಾದರೂ ಮೊದಲು ಇನ್ನಷ್ಟು ಜೋರಾಗಿ ತಟ್ಟುತ್ತಾರೆ. ನಿಮ್ಮ ಉಪಾಯ ಫಲಿಸಲಿಲ್ಲ ಎಂದು ಆ ನಾಲ್ಕು ದಿನಗಳಲ್ಲಿ ಕೈಬಿಡಬೇಡಿ, ಏಕೆಂದರೆ ಜೋರಾದಾಗ ಸೋತರೆ ಜೋರು ಮಾಡಬೇಕು ಎಂಬುದನ್ನೇ ಅವನು ಕಲಿಯುತ್ತಾನೆ.

ಇದರ ಜೊತೆಗೇ ಬರವಣಿಗೆ ಅವನಿಗೆ ಏಕೆ ಇಷ್ಟು ಭಾರವಾಗಿದೆ ಎಂದು ಹುಡುಕುವುದು ಶಿಸ್ತಿಗಿಂತಲೂ ದೊಡ್ಡ ಕೆಲಸ. ಪೆನ್ಸಿಲನ್ನು ತೀರಾ ಬಿಗಿಯಾಗಿ ಹಿಡಿದು ಹಾಳೆ ಹರಿಯುವಂತೆ ಒತ್ತುತ್ತಾನೆಯೇ, ಎರಡು ಸಾಲಿಗೇ ಕೈ ನೋವು ಎನ್ನುತ್ತಾನೆಯೇ, ಹಲಗೆಯಿಂದ ನೋಡಿ ಬರೆಯುವಾಗ ಅಕ್ಷರ ಬಿಡುತ್ತಾನೆಯೇ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆಯೇ ಎಂದು ನೋಡಿ. ಕನ್ನಡದ ಬರವಣಿಗೆಯಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಕಾಗುಣಿತದ ದೀರ್ಘಗಳಲ್ಲಿ ಮತ್ತು ಒತ್ತಕ್ಷರಗಳಲ್ಲಿ. ಬಹುಪಾಲು ವ್ಯಂಜನಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮಾತ್ರ ಗುರುತು ಸಿಗದಷ್ಟು ಬೇರೆ. ದೊಡ್ಡವರಾದ ನಮಗೆ ಇದು ಕಣ್ಣಿಗೇ ಬೀಳುವುದಿಲ್ಲ. ಮಗುವಿಗೆ ಅದು ನಿಯಮ ಮುರಿದಂತೆ, ಮೋಸ ಮಾಡಿದಂತೆ ಕಾಣುತ್ತದೆ.

ಹಲವು ವರ್ಷಗಳ ಹಿಂದೆ ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬ ಒತ್ತಕ್ಷರ ಬಂದರೆ ಪುಸ್ತಕವನ್ನು ಕಿಟಕಿಯಿಂದ ಎಸೆಯುತ್ತಿದ್ದ. ಒಂದು ದಿನ ‘ಅಕ್ಕ’ ಎಂಬ ಪದದ ಮುಂದೆ ಕೂತು, ಎಸೆಯುವುದಕ್ಕೆ ಮೊದಲು, ಕೆಳಗಿನ ಪುಟ್ಟ ಕಕಾರವನ್ನು ಬೆರಳಿನಿಂದ ಮುಟ್ಟಿ, ‘ಪಾಪ ಮಿಸ್, ಮೇಲಿನವನು ಇವನ ಮೇಲೆ ಕೂತವ್ನೆ’ ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ, ಕನಿಕರವಿತ್ತು. ನನಗೆ ನಗು ಬಂತು, ನಕ್ಕೆ. ನಕ್ಕು, ‘ಕೂತಿಲ್ಲ ಕಣೋ, ಇವನೇ ಅವನ ಕೈ ಹಿಡಿದು ಜೋತುಬಿದ್ದಿದ್ದಾನೆ, ಅದಕ್ಕೇ ಪುಟ್ಟದಾಗಿ ಬರೆಯೋದು, ದೊಡ್ಡದಾಗಿ ಬರೆದರೆ ಮೇಲಿನವನ ಕೈ ನೋಯುತ್ತೆ’ ಎಂದೆ. ಅವನು ತುಂಬ ಹೊತ್ತು ಆ ಅಕ್ಷರವನ್ನೇ ನೋಡಿದ. ಆಮೇಲೆ ಹಾಳೆಯ ಮೇಲೆ ಮೂಗು ತಾಗುವಷ್ಟು ಬಗ್ಗಿ, ಅಷ್ಟು ದಿನ ಸಾಲು ದಾಟಿ ಹೋಗುತ್ತಿದ್ದ ಒತ್ತನ್ನು ಅಕ್ಕಿಕಾಳಿನಷ್ಟು ಚಿಕ್ಕದಾಗಿ ಬರೆದ. ನಂತರ ಅಣ್ಣ, ಅಪ್ಪ, ಅಜ್ಜಿ ಎಲ್ಲರನ್ನೂ ಬರೆದ. ‘ಅಮ್ಮ’ ಬಂದಾಗ, ‘ಇವಳ ಮಗು ಯಾಕೆ ಅವಳ ಥರ ಇಲ್ಲ?’ ಎಂದು ಕೇಳಿದ. ವಿಜಾತಿ ಸಜಾತಿ ಎಂದು ನಾವು ವ್ಯಾಕರಣದಲ್ಲಿ ವಿಂಗಡಿಸುತ್ತೇವೆ, ಆದರೆ ಅವನು ಕೇಳಿದ ಪ್ರಶ್ನೆಯನ್ನು ನಾನು ಅದುವರೆಗೆ ಯಾವ ಶಿಕ್ಷಕರ ಬಾಯಿಂದಲೂ ಕೇಳಿರಲಿಲ್ಲ. ಆ ನಗು ಅವನನ್ನು ಕೆಲಸದ ಒಳಕ್ಕೆ ಕರೆದೊಯ್ದಿತು. ನಿಮ್ಮ ನಗುವನ್ನೂ ಹೀಗೇ ಪರೀಕ್ಷಿಸಿ: ನಕ್ಕ ಮರುಗಳಿಗೆ ಮಗು ಪುಸ್ತಕಕ್ಕೆ ಹತ್ತಿರವಾಯಿತೇ, ದೂರವಾಯಿತೇ ಎಂದು ನೋಡಿ.

ಬರವಣಿಗೆಯನ್ನು ಚಿಕ್ಕ ತುಂಡು ಮಾಡುವುದು ಹೇಗೆಂದು ನಿಮಗೆ ಬಿ.ಎಡ್. ತರಗತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ಡೇವಿಡ್ ಪ್ರೀಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞ 1959ರಲ್ಲಿ ವಿವರಿಸಿದ ತತ್ವವನ್ನು, ಅಂದರೆ ಇಷ್ಟವಿಲ್ಲದ ಕೆಲಸದ ಬೆನ್ನಿಗೇ ಇಷ್ಟವಾದದ್ದನ್ನು ಇಡಬೇಕು ಎಂಬುದನ್ನು, ನಮ್ಮ ಮನೆಗಳ ಅಜ್ಜಿಯರು ‘ಅನ್ನ ಮುಗಿಸು, ಹಪ್ಪಳ ಕೊಡ್ತೀನಿ’ ಎಂದು ಮೊದಲಿನಿಂದಲೂ ಮಾಡುತ್ತ ಬಂದಿದ್ದಾರೆ. ಎರಡು ಸಾಲು ಬರೆದರೆ ಒಂದು ನಿಮಿಷದ ಬೆಕ್ಕು. ಆರಂಭಕ್ಕೆ ಇಷ್ಟು ಸಾಕು. ಹಪ್ಪಳ ಮೊದಲು ಕೊಟ್ಟು ಅನ್ನಕ್ಕೆ ಗೋಗರೆಯುವ ತಪ್ಪನ್ನು ಮಾತ್ರ ಮಾಡಬೇಡಿ.

ಇನ್ನು ವಿರುದ್ಧ ಪದದ ದಿನ. ಆ ದಿನದ ಪಾಠ ನೂರಕ್ಕೆ ನೂರು ಯಶಸ್ವಿಯಾಗಿದೆ ಎಂದು ನಾನು ಹೇಳುತ್ತೇನೆ, ಏಕೆಂದರೆ ಹಗಲು, ರಾತ್ರಿ ಎಂದು ಬಾಯಿಪಾಠ ಮಾಡಿದ ಮಗು ವಿರುದ್ಧಾರ್ಥ ಎಂಬ ಪರಿಕಲ್ಪನೆಯನ್ನು ತನ್ನ ಕೈಕಾಲುಗಳಲ್ಲಿ ಆಡಿ ತೋರಿಸಿದ್ದು ಅಪರೂಪ. ‘ಬರೀಬೇಡ’ ಎಂದು ಹೇಳಿ ಬರೆಸಿದ್ದೂ ಆ ಒಂದು ಸಂಜೆಗೆ ಇಬ್ಬರಿಗೂ ಸಂತೋಷದ ಕ್ಷಣವೇ. ಆದರೆ ಅದನ್ನು ದಿನನಿತ್ಯದ ಉಪಾಯ ಮಾಡಿಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. ನಿಮ್ಮ ಮಾತಿಗೆ ಅದರ ನೇರ ಅರ್ಥವಿದೆ ಎಂಬ ನಂಬಿಕೆ ಅವನಲ್ಲಿ ಉಳಿಯಬೇಕು. ರಸ್ತೆಯಲ್ಲಿ ‘ಓಡಬೇಡ’ ಎಂದರೆ ಅವನು ನಿಲ್ಲಲೇಬೇಕಲ್ಲವೇ? ಬದಲಿಗೆ ಅದನ್ನೇ ಹೆಸರಿಟ್ಟ ಆಟವಾಗಿಸಿ. ಒಂದು ಚಪ್ಪಾಳೆಗೆ ಉಲ್ಟಾ ಆಟ ಶುರು, ಎರಡು ಚಪ್ಪಾಳೆಗೆ ಮುಕ್ತಾಯ. ನಾವೆಲ್ಲ ಚಿಕ್ಕವರಿದ್ದಾಗ ಆಡಿದ ‘ಕೆರೆ, ದಡ’ ಆಟ ಮಾಡುತ್ತಿದ್ದದ್ದೂ ಇದನ್ನೇ: ಕೂಗುವವರು ದಡ, ದಡ, ದಡ ಎಂದು ಆಸೆ ಹುಟ್ಟಿಸಿ ಮೋಸಗೊಳಿಸುವಾಗ, ನೆಗೆಯಲು ಹೊರಟ ಕಾಲನ್ನು ತಡೆದು ನಿಲ್ಲಿಸುವುದನ್ನು ಮಗು ಅಲ್ಲಿ ಕಲಿಯುತ್ತದೆ. ದುಡುಕುವ ಮಕ್ಕಳಿಗೆ ಬೇಕಾದ ಶಕ್ತಿ ಅದು, ಉಪದೇಶದಿಂದ ಬರುವಂಥದ್ದಲ್ಲ. ಆಟವಾಡಿಸಿದರೆ ಓದು ಕೆಡುತ್ತದೆ ಎಂದು ಮನೆಯವರು ಆಕ್ಷೇಪಿಸಿದರೆ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ನಮ್ಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹಬ್ಬಿದ್ದು ಮಕ್ಕಳು ಆಡುತ್ತಲೇ ಕಲಿಯುತ್ತಾರೆ ಎಂಬ ನಂಬಿಕೆಯ ಮೇಲೆ ಎಂದು ಅವರಿಗೆ ತಿಳಿಸಿ.

ನಗುವ ಮುನ್ನ ಮಗುವಿನ ಕಣ್ಣನ್ನು ನೋಡುವ ಅಭ್ಯಾಸವನ್ನೂ ಮಾಡಿಕೊಳ್ಳಿ. ತಮಾಷೆ ಮಾಡಿದ ಮಗು, ಮಾಡಿದ ಕೂಡಲೇ, ನಿಮ್ಮ ಮುಖವನ್ನು ನೋಡುತ್ತದೆ. ಹೇಗಿತ್ತು ಎಂದು ಕೇಳುವಂತೆ. ಹಾಗೆ ನೋಡದಿದ್ದರೆ ಅದು ತಮಾಷೆ ಅಲ್ಲದಿರಬಹುದು. ಆಟಿಸಂ ಇದ್ದ ಹುಡುಗಿಯೊಬ್ಬಳಿಗೆ ‘ಪುಸ್ತಕದ ಮೇಲೆ ಕಣ್ಣಿಡು’ ಎಂದಾಗ ಅವಳು ತಲೆ ಬಗ್ಗಿಸಿ ಕಣ್ಣನ್ನು ಹಾಳೆಗೇ ಒತ್ತಿ ಕೂತಳು. ‘ಕಿವಿಗೊಟ್ಟು ಕೇಳು’ ಎಂದ ದಿನ ಕಿವಿಯನ್ನು ನನ್ನ ಕಡೆಗೆ ಚಾಚಿದಳು. ಕೋಣೆಯಲ್ಲಿದ್ದ ಉಳಿದವರು ಗೊಳ್ಳೆಂದು ನಕ್ಕರು, ಅವಳು ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಅವಳು ನಮ್ಮ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಪಾಲಿಸಿದ್ದಕ್ಕೆ ನಗು ಸಿಕ್ಕರೆ, ಯಾವುದು ಸರಿ ಎಂದು ಅವಳು ಹೇಗೆ ತಿಳಿಯಬೇಕು? ಅಲ್ಲಿ ತಿದ್ದಿಕೊಳ್ಳಬೇಕಾದದ್ದು ನಮ್ಮ ಮಾತು. ನಿಮ್ಮ ಹುಡುಗ ನಲವತ್ತೆರಡು ಎಂದಾಗ ಮೇಜಿನ ಕೆಳಗಿನಿಂದ ತಲೆ ಹೊರಹಾಕಿ ನಿಮ್ಮನ್ನು ನೋಡಿದನೇ ಎಂದು ನೆನಪಿಸಿಕೊಳ್ಳಿ. ನೋಡಿರುತ್ತಾನೆ ಎಂದೇ ನನ್ನ ಊಹೆ.

ಈ ಪ್ರಸಂಗಗಳು ಮನೆಯಲ್ಲಿ ಏನಾಗುತ್ತಿವೆ ಎಂಬುದನ್ನೂ ಗಮನಿಸಿ. ಬಂದ ನೆಂಟರ ಮುಂದೆ ‘ಮಿಸ್ ಚಪ್ಪಲೀನ ಮಷೀನಿಗೆ ಹಾಕಿದ್ದ ನೋಡಿ’ ಎಂದು ಹೇಳಿ ನಗುವ ಮನೆಯಲ್ಲಿ, ಅದೇ ಚಪ್ಪಲಿಗಾಗಿ ಮರುದಿನ ಗದರಿದರೆ ಮಗು ಯಾವುದನ್ನು ನಂಬಬೇಕು? ತಾನು ಆ ಮನೆಯ ತರಲೆ ಎಂಬ ಪಾತ್ರವನ್ನು ಮಕ್ಕಳು ಬಹಳ ಬೇಗ ಒಪ್ಪಿಕೊಳ್ಳುತ್ತಾರೆ, ಒಪ್ಪಿಕೊಂಡ ಮೇಲೆ ಆ ಪಾತ್ರವನ್ನು ನಿಷ್ಠೆಯಿಂದ ನಿಭಾಯಿಸುತ್ತಾರೆ. ಬೆಕ್ಕಿನ ವಿಡಿಯೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುವುದಂತೂ ಖಂಡಿತ ಬೇಡ. ಅವನು ನಾಳೆ ಹತ್ತನೇ ತರಗತಿಗೆ ಹೋಗುವ ಹುಡುಗ; ಆಗ ಅದು ಅವನ ಗೆಳೆಯರ ಫೋನಿನಲ್ಲಿರುತ್ತದೆ. ಹೇಳಲೇಬೇಕು ಎನಿಸಿದಾಗ ಅವನ ಮುಂದೆಯೇ, ಅವನ ಜಾಣತನ ಎದ್ದು ಕಾಣುವಂತೆ ಹೇಳಿ: ‘ಎಣಿಕೆ ತಪ್ಪದೆ ಮೂವತ್ತು ಸಲ ಕೂಗಿದ, ಆಮೇಲೆ ಉತ್ತರ ಹೇಳಿದ’ ಎಂದು. ಅಜ್ಜಿಗೂ ಅದು ಕೇಳಿಸಲಿ.

ತಂದೆಯವರು ಕೊಟ್ಟಿರುವ ಅನುಮತಿಯನ್ನು ದಯವಿಟ್ಟು ಬಳಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮತ್ತು ನೀವು ನಾಳೆ ಶಾಲೆಗೆ ಕಾಲಿಡಬೇಕಾದವರು. ಕಾಯ್ದೆಯ ಮಾತನ್ನು ಬದಿಗಿಟ್ಟು ನೋಡಿದರೂ, ಬರವಣಿಗೆಗೆ ಹೆದರುವ ಮಗುವಿಗೆ ಹೊಡೆದರೆ ಆ ಪುಸ್ತಕಕ್ಕೆ ಪೆಟ್ಟಿನ ನೆನಪೂ ಅಂಟಿಕೊಳ್ಳುತ್ತದೆ. ಅಳುವುದರಲ್ಲಿ ಅರ್ಧ ಗಂಟೆ ಕಳೆದು, ಬರೆಯುವುದೂ ತಪ್ಪುತ್ತದೆ. ಅವನಿಗೆ ಬೇಕಿದ್ದ ಬಿಡುಗಡೆ ಸಿಕ್ಕೇ ಸಿಗುತ್ತದೆ.

ಯಾರಿಗಾದರೂ ತೋರಿಸಬೇಕೇ ಎಂದು ಕೇಳಿದ್ದೀರಿ. ಮೂರು ಪ್ರಸಂಗಗಳಿಂದ ಯಾವ ಹೆಸರನ್ನೂ ಹಚ್ಚಬಾರದು. ಅತಿಚಟುವಟಿಕೆ ಮತ್ತು ಗಮನದ ಕೊರತೆ ಎಂದು ಗುರುತಿಸಬೇಕಾದರೆ ಲಕ್ಷಣಗಳು ಕನಿಷ್ಠ 6 ತಿಂಗಳು ಇರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಗಳಲ್ಲಾದರೂ ತೊಂದರೆ ಕೊಡುತ್ತಿರಬೇಕು. ಆದ್ದರಿಂದ ಶಾಲೆಯಲ್ಲಿ ಅವನು ಹೇಗಿದ್ದಾನೆ ಎಂದು ತಾಯಿಯವರ ಮೂಲಕ ಮೊದಲು ವಿಚಾರಿಸಿ. ನನಗೆ ಹೆಚ್ಚು ಅನುಮಾನವಿರುವುದು ಬರವಣಿಗೆಯ ಬಗ್ಗೆ. ಮಾತಿನಲ್ಲಿ ಇಷ್ಟು ಚುರುಕಾದ ಮಗು ಬರವಣಿಗೆಯಲ್ಲಿ ಮಾತ್ರ ಹಿಂದುಳಿದಿದ್ದರೆ, ಕಣ್ಣು, ಕಿವಿಯ ಪರೀಕ್ಷೆ ಮಾಡಿಸಿದ ಮೇಲೆ ನಿರ್ದಿಷ್ಟ ಕಲಿಕಾ ನ್ಯೂನತೆಯ ಪರಿಶೀಲನೆ ಮಾಡಿಸುವುದು ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಇದೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಪರಿಶೀಲನೆ ನಡೆಯುತ್ತದೆ. ಅಷ್ಟು ದೂರ ಹೋಗುವ ಮುನ್ನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಾನು ಮೊದಲು ಹೇಳಿದ ಆ ಮೂರು ಸಂಗತಿಗಳನ್ನು ಹತ್ತು ದಿನ ಬರೆದಿಡಿ; ಹೋಗುವಾಗ ಆ ಟಿಪ್ಪಣಿಯನ್ನೂ ಅವನ ಎರಡು ನೋಟ್‌ಬುಕ್ಕುಗಳನ್ನೂ ಕಳುಹಿಸಿಕೊಡಿ. ಅವು ವೈದ್ಯರಿಗೆ ಬಹಳ ಉಪಯೋಗವಾಗುತ್ತವೆ.

ಚಪ್ಪಲಿಯ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಭರವಸೆ ಕೊಟ್ಟದ್ದು ಅದು. ಪಾಠ ಬೇಡವೆನ್ನುವ ಮಗು ಪಾಠ ಹೇಳುವವರು ಬಂದಾಗ ಬಾಗಿಲು ಹಾಕುತ್ತದೆ. ಈ ಹುಡುಗ ನೀವು ಹೊರಡುವಾಗ ದಾರಿ ತಡೆಯುತ್ತಿದ್ದಾನೆ. ಇಬ್ಬರು ಬಂದು ಬಿಟ್ಟುಹೋದದ್ದನ್ನು ಅವನು ನೋಡಿದ್ದಾನೆ. ಚಪ್ಪಲಿಯಿಲ್ಲದೆ ಯಾರೂ ಮನೆಗೆ ಹೋಗಲಾರರು ಎಂಬ ಲೆಕ್ಕ ಅವನದು. ಅವನಿಗೆ ಬೇಕಾಗಿರುವುದು ಇನ್ನೂ ಐದು ನಿಮಿಷ ನೀವು ಇರುವುದು. ಅದನ್ನು ಕದ್ದು ಪಡೆಯಬೇಕಾಗದಂತೆ 6.25ಕ್ಕೆ ಪುಸ್ತಕ ಮುಚ್ಚಿ, ಉಳಿದ ಐದು ನಿಮಿಷ ಅವನು ಹೇಳಿದ ಮಾತು, ಅವನು ಕೇಳಿದ ಆಟ ಎಂದು ಗೊತ್ತು ಮಾಡಿ, ದಿನವೂ ತಪ್ಪದೆ ಕೊಡಿ. ಹೊರಡುವಾಗ ನಿಮ್ಮ ಚಪ್ಪಲಿಯನ್ನು ಬಾಗಿಲಿನ ಮುಂದೆ ಜೋಡಿಸಿಡುವ ಕೆಲಸವನ್ನು ಅವನಿಗೇ ಒಪ್ಪಿಸಿ, ‘ನಾಳೆ ಐದೂವರೆಗೆ ಬರ್ತೀನಿ’ ಎಂದು ಗಂಟೆಯ ಸಮೇತ ಹೇಳಿ, ಹಾಗೆಯೇ ಬನ್ನಿ. ಬರಲಾಗದ ದಿನ ಫೋನ್ ಮಾಡಿ ಅವನ ಜೊತೆಯಲ್ಲೇ ಮಾತಾಡಿ ತಿಳಿಸಿ. ವಾಷಿಂಗ್ ಮಷೀನಿನಲ್ಲಿ ಸಿಕ್ಕ ಚಪ್ಪಲಿಗೆ ನೀವಿಬ್ಬರೂ ಒಮ್ಮೆ ಜೊತೆಯಾಗಿ ನಕ್ಕು ಮುಗಿಸಿ. ತುಳಸಿಕಟ್ಟೆಯ ಹತ್ತಿರ ಚಪ್ಪಲಿ ಹೋಗಬಾರದು ಎಂಬುದು ಆ ಮನೆಯ ನಿಯಮ, ಅಜ್ಜಿಯ ಮನಸ್ಸಿಗೆ ಅದು ನೋವು. ಅದನ್ನು ಮಾತ್ರ ನಗದೆ, ಅವನ ಎತ್ತರಕ್ಕೆ ಕುಳಿತು, ಮೆಲ್ಲಗೆ ಹೇಳಿ.